ಹತ್ತನೆಯ ತಾಸು ಯಾರದ್ದು?



“ಯೂರೋಪಿನವರು ಮೊದಲು ಮೈಮುರಿದು ದುಡಿದರು, ಶ್ರೀಮಂತರಾದರು, ಆಮೇಲೆ ರಜೆ ಕೇಳಿದರು. ನೀವು ದುಡಿಯುವ ಮೊದಲೇ ರಜೆ ಕೇಳುತ್ತೀರಿ!” ಗಲ್ಲೆಯ ಮೇಲೆ ಕುಳಿತ ಧನಿಯೊಬ್ಬರು ನನಗೆ ಹೇಳಿದ ಬುದ್ಧಿವಾದವಿದು. ನಾನು ಏಳನೆಯ ಇಯತ್ತೆ ಓದಿದವನು. ಊರು ಬಿಟ್ಟು ಬಂದು ಮೋರಿಯಲ್ಲಿ ಕಪ್ಪು-ಬಸಿ ತೊಳೆದವನು. ಬೆಳಗಿನ ಐದಕ್ಕೆ ಎದ್ದು, ರಾತ್ರಿ ಹನ್ನೊಂದಕ್ಕೆ ಗಿರಾಕಿಗಳ ಬೆಂಚಿನ ಮೇಲೆಯೇ ಮಲಗಿದವನು. ಯೂರೋಪನ್ನು ಕಂಡವನಲ್ಲ. ಆದರೂ ಈ ಮಾತು ಸುಳ್ಳೆಂದು ತೋರಿಸಬಲ್ಲೆ.

1833ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಯಲ್ಲಿ ದುಡಿಸಕೂಡದೆಂದು ಕಾಯಿದೆ ಮಾಡಿತು. ಹಾಗಾದರೆ ಅಲ್ಲಿಯವರೆಗೆ ದುಡಿದವರಾರು? ಹತ್ತು ತಾಸಿನ ಬೇಡಿಕೆ ಎದ್ದಾಗ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞ 1837ರಲ್ಲಿ ಮಾಲಕರ ಪರವಾಗಿ ವಾದಿಸಿದ: ಗಿರಣಿಯ ನಿವ್ವಳ ಲಾಭವೆಲ್ಲ ಕೊನೆಯ ತಾಸಿನಲ್ಲಿ ಹುಟ್ಟುತ್ತದೆ, ಅದನ್ನು ಕಡಿದರೆ ಉದ್ಯಮವೇ ಹಾಳು! 1847ರಲ್ಲಿ ಹೆಂಗಸರಿಗೂ ಎಳೆಯರಿಗೂ ಹತ್ತು ತಾಸಿನ ಕಾಯಿದೆ ಬಂದೇ ಬಂತು. ಲಂಕಾಶೈರ್ ಹಾಳಾಯಿತೇ? ಇಲ್ಲ, ಅದರ ಬಟ್ಟೆ ಇನ್ನಷ್ಟು ದೇಶಗಳಿಗೆ ಹರಡಿತು. ತಾಸು ಇಳಿಯಿತು, ಸಂಪತ್ತು ಏರಿತು.

ಅಲ್ಲಿಯ ಕಾರ್ಮಿಕನು ಕೇಳಿದ್ದು ರಜೆ ಮಾತ್ರವಲ್ಲ, ಓಟು. 1838ರಲ್ಲಿ ಚಾರ್ಟಿಸ್ಟರು ಪ್ರತಿಯೊಬ್ಬ ವಯಸ್ಕ ಗಂಡಸಿಗೂ ಓಟು ಬೇಕೆಂದು ಸನ್ನದು ಬರೆದರು. ಪಾರ್ಲಿಮೆಂಟು ಮೂರು ಸಲ ತಳ್ಳಿಹಾಕಿತು. ಮುಖಂಡರು ಜೈಲು ಕಂಡರು. ಆದರೆ 1867ರಲ್ಲಿ ಪಟ್ಟಣಗಳ ಎಷ್ಟೋ ಕಾರ್ಮಿಕರಿಗೆ ಓಟು ಬಂತು, 1871ರಲ್ಲಿ ಸಂಘಗಳಿಗೆ ಕಾಯಿದೆಯ ಮನ್ನಣೆ ಬಂತು. ಜರ್ಮನಿಯಲ್ಲಿ ಬಿಸ್ಮಾರ್ಕನು 1878ರಲ್ಲಿ ಸಮಾಜವಾದಿಗಳನ್ನು ಹತ್ತಿಕ್ಕಲು ಕಾಯಿದೆ ತಂದ. ಅವರ ಬಲಕ್ಕೆ ಅಂಜಿಯೇ ಅವನು 1883ರಲ್ಲಿ ಕಾಯಿಲೆಯ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ ಕೊಟ್ಟದ್ದು. 1917ರ ರಷ್ಯದ ಕ್ರಾಂತಿಯಿಂದ ಮಾಲಕರ ಎದೆ ನಡುಗಿದ ಮೇಲೆ, 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಡಂಬಡಿಕೆ ಎಂಟು ತಾಸನ್ನು ಸಾರಿತು. ಇದರಲ್ಲಿ ಮಾಲಕರ ದಯೆ ಎಲ್ಲಿದೆ?

ಇನ್ನು ನಮ್ಮ ಮುಂಬಯಿ. 1881ರಲ್ಲಿ ಇಲ್ಲಿ ಮೊದಲ ಕಾರಖಾನೆ ಕಾಯಿದೆ ಬರಲು ಲಂಕಾಶೈರಿನ ಮಾಲಕರೂ ಒತ್ತಾಯಿಸಿದರು. ನಮ್ಮ ಮಕ್ಕಳ ಮೇಲಿನ ಮಮತೆಯಿಂದಲೋ? ಮುಂಬಯಿಯ ಅಗ್ಗದ ನೂಲಿನ ಭಯದಿಂದ! ವಾರದ ರಜೆ ಬಂದದ್ದು ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ಸಭೆ ನಡೆಸಿದ ಮೇಲೆ, 1890ರಲ್ಲಿ. ಲಂಕಾಶೈರಿನ ಹಿತಕ್ಕಾಗಿ ಸರಕಾರ ಇಲ್ಲಿಯ ಗಿರಣಿ ಬಟ್ಟೆಯ ಮೇಲೆ ಶೇಕಡಾ ಮೂರೂವರೆ ಸುಂಕ ಹೇರಿತ್ತು. 1925ರಲ್ಲಿ ಮಾಲಕರು ಪಗಾರವನ್ನು ಶೇಕಡಾ ಹನ್ನೊಂದೂವರೆ ಕಡಿದರು. ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ತಿಂಗಳುಗಟ್ಟಲೆ ಸಂಪು ಹೂಡಿದರು. ಡಿಸೆಂಬರಿನಲ್ಲಿ ಸರಕಾರ ಸುಂಕ ನಿಲ್ಲಿಸಿತು, ಮಾಲಕರು ಕಡಿತ ಹಿಂತೆಗೆದರು. ಮಾಲಕರ ಸುಂಕ ಇಳಿಸಿದ್ದು ಕಾರ್ಮಿಕರ ಹಸಿವು!

“1982ರ ಸಂಪಿನಿಂದ ಏನು ಸಿಕ್ಕಿತು?” ಎಂದು ಹಂಗಿಸುವವರಿದ್ದಾರೆ. ಸೋತೆವು, ಮುಚ್ಚಿಡುವುದಿಲ್ಲ. ಪರಳ, ಲಾಲಬಾಗಗಳಲ್ಲಿ ಗಿರಣಿಯ ಭೋಂಗಾ ಅಡಗಿ ಗಗನಚುಂಬಿ ಕಟ್ಟಡಗಳೆದ್ದಿವೆ. ಆದರೆ ಚಾರ್ಟಿಸ್ಟರೂ ಸೋತಿದ್ದರು. ಸೋತವರ ಬೇಡಿಕೆ ಸಾಯಲಿಲ್ಲ, ಅದನ್ನು ಎತ್ತಿಕೊಳ್ಳುವ ಕೈಗಳಿದ್ದವು.

ಇಂದು ಆ ಕೈ ಎಲ್ಲಿ? 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ, ದಿನದ ದುಡಿತವನ್ನು ಕಾರಖಾನೆಗಳಲ್ಲಿ ಒಂಬತ್ತರಿಂದ ಹನ್ನೆರಡು ತಾಸಿಗೆ, ಅಂಗಡಿ-ಹೋಟೆಲುಗಳಲ್ಲಿ ಒಂಬತ್ತರಿಂದ ಹತ್ತಕ್ಕೆ ಏರಿಸಲು ಒಪ್ಪಿತು. 2017ರ ಕಾಯಿದೆ ಹತ್ತು ಜನರಿದ್ದಲ್ಲಿಗೂ ಅನ್ವಯಿಸುತ್ತಿತ್ತು. ಆ ಗೆರೆಯನ್ನು ಇಪ್ಪತ್ತಕ್ಕೆ ಏರಿಸಲಾಯಿತು. ಹದಿನೈದು ಜನ ದುಡಿಯುವ ಹೋಟೆಲಿನ ಮಾಣಿಗೆ ಯಾರು ದಿಕ್ಕು? ವಾರಕ್ಕೆ ನಲವತ್ತೆಂಟೇ ತಾಸು, ಹೆಚ್ಚಿನ ದುಡಿತಕ್ಕೆ ಇಮ್ಮಡಿ ಪಗಾರ ಎನ್ನುತ್ತಾರೆ. ಹೋಟೆಲಿನಲ್ಲೇ ಉಂಡು ಮಲಗುವವನ ತಾಸನ್ನು ಎಣಿಸುವವರು ಯಾರು? ಸೀನಿಯರನ ಕೊನೆಯ ತಾಸು ನಮ್ಮ ಹತ್ತನೆಯ ತಾಸಾಗಿ ಬಂದಿದೆ!

ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಡಿ. ನಮ್ಮಲ್ಲಿ ಎಷ್ಟೋ ಜನರ ಬೆವರು ಮುಂಬಯಿಯಲ್ಲಿ, ಓಟು ಕುಂದಾಪುರದಲ್ಲಿ, ಕಾರ್ಕಳದಲ್ಲಿ. ಇಲ್ಲಿಯ ಆಮದಾರ ನಮಗೇಕೆ ಅಂಜಬೇಕು? ಯೂರೋಪಿನವರು ಜೈಲು ಸೇರಿ ಕೇಳಿದ ಓಟು ನಮ್ಮ ಕೈಯಲ್ಲಿದ್ದೂ ಇಲ್ಲದಂತಾಗಿದೆ.

ಆದ್ದರಿಂದ ಮೂರು ಕೆಲಸ ಮಾಡೋಣ. ಕೆಲಸ ಹಿಡಿದ ಗಳಿಗೆ, ಬಿಟ್ಟ ಗಳಿಗೆ ಪ್ರತಿದಿನ ಒಂದು ಪುಸ್ತಕದಲ್ಲಿ ಬರೆದಿಡಿ. ನೀವು ದುಡಿದು ಬದುಕುವ ಈ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ರಜೆಯ ದಿನ ಸಂಘಕ್ಕೆ ಬನ್ನಿ, ಪಕ್ಕದ ಹೋಟೆಲಿನವನನ್ನೂ ಕರೆತನ್ನಿ. ಲೆಕ್ಕವಿಲ್ಲದ ತಾಸು ಧನಿಯದ್ದು. ಬರೆದಿಟ್ಟ ತಾಸು ನಮ್ಮದು.