ಗಿರಣಿ ಲೆಕ್ಕಕ್ಕೆ ಟೇಪು ಯಾಕೆ?

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಸಿರುಗುಪ್ಪ, ಕುರುಗೋಡಿನಿಂದಲೂ ಗಿರಾಕಿಗಳು ಬರುತ್ತಾರೆ. ಈಚೆಗೆ ಅವರಲ್ಲಿ ಕೆಲವರಿಗೆ ಫೈಲುಗಳ ನಕಲನ್ನು ಟೇಪಿನ ಕ್ಯಾಸೆಟ್ಟಿಗೆ ಇಳಿಸುವ ಟೇಪ್ ಡ್ರೈವ್ ಹುಚ್ಚು ಹಿಡಿದಿದೆ. ವೈರಸ್ ನುಗ್ಗಿದರೂ ಕಪಾಟಿನಲ್ಲಿರುವ ಕ್ಯಾಸೆಟ್ಟನ್ನು ಮುಟ್ಟಲಾರದು ಅನ್ನುತ್ತಾರೆ. ಸುಳ್ಳಲ್ಲ. 2011ರ ಫೆಬ್ರುವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಖಾಲಿಯಾದಾಗ ಗೂಗಲ್‌ನವರು ಅವನ್ನು ಮರಳಿ ತಂದದ್ದು ಟೇಪಿನಿಂದಲೇ.

ಆದರೆ ಸಿರುಗುಪ್ಪದ ಅಕ್ಕಿ ಗಿರಣಿಗೆ ಇದೆಲ್ಲ ಯಾಕೆ? ವರ್ಷಗಟ್ಟಲೆಯ ಟ್ಯಾಲಿ ಲೆಕ್ಕ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, ವಾರವಾರ ಅದಲುಬದಲು ಮಾಡಿ, ಒಂದನ್ನು ಬಳ್ಳಾರಿಯ ನೆಂಟರ ಮನೆಯಲ್ಲಿಡಿ. ಅಸಲು, ನಕಲು ಒಂದೇ ಸೂರಿನಡಿ ಇರಬಾರದೆಂದು 2009ರ ನೆರೆ ಕಂಡ ತಾಲ್ಲೂಕಿನವರಿಗೆ ನಾನು ಹೇಳಬೇಕಿಲ್ಲ.

ಟೇಪು ಬೇಕಾದದ್ದು ದೊಡ್ಡ ದೊಡ್ಡ ಫೈಲುಗಳನ್ನು ಪೇರಿಸಿಡುವ ಮದುವೆ ವಿಡಿಯೊ ಸ್ಟುಡಿಯೊದವರಿಗೆ. ಅವರೂ ಡಬ್ಬಿಯ ಮೇಲಿನ ದೊಡ್ಡ ಅಂಕಿ ನಂಬಬಾರದು. ಎಲ್‌ಟಿಒ ಎಂಬ ಟೇಪು ಮಾದರಿಯ 8ನೇ ತಲೆಮಾರಿನ, ಅಂದರೆ ಎಲ್‌ಟಿಒ-8 ಕ್ಯಾಸೆಟ್ಟಿನ ಮೇಲೆ 30 ಟಿಬಿ ಎಂದಿರುತ್ತದೆ. ಅದು ಫೈಲುಗಳನ್ನು ಕುಗ್ಗಿಸಿ ತುಂಬಿದರೆ ಎಂಬ ಲೆಕ್ಕ. ವಿಡಿಯೊ ಮೊದಲೇ ಕುಗ್ಗಿದ ಸರಕು, ಹಿಡಿಯುವುದು 12 ಟಿಬಿಯಷ್ಟೇ.

ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಎಲ್‌ಟಿಒ-4 ಬೇಡವೇ ಬೇಡ. ಅದರ ಕ್ಯಾಸೆಟ್ಟನ್ನು 5, 6ನೇ ತಲೆಮಾರಿನ ಡ್ರೈವ್ ಓದುತ್ತದೆ, 7 ಓದುವುದಿಲ್ಲ. 8 ಮತ್ತು 9 ಹಿಂದಿನ ಒಂದೇ ತಲೆಮಾರನ್ನು ಗುರುತಿಸುತ್ತವೆ. ಇದ್ದ ಡ್ರೈವ್ ಕೆಟ್ಟ ದಿನ ಹಳೆಯ ಡ್ರೈವ್ ಹುಡುಕಿಕೊಂಡು ಊರೂರು ಅಲೆಯಬೇಕು. ಹೆಚ್ಚಿನ ಡ್ರೈವ್‌ಗಳನ್ನು ಕಂಪ್ಯೂಟರಿಗೆ ಜೋಡಿಸಲು ಎಸ್‌ಎಎಸ್ ಎಂಬ ಬೇರೆ ಕಾರ್ಡ್ ಬೇಕೆಂಬುದನ್ನು ಮಾರುವವರು ಕೊನೆಗೆ ಬಾಯಿಬಿಡುತ್ತಾರೆ. ಜೊತೆಗೆ, ಟೇಪು ಓಡುವ ವೇಗಕ್ಕೆ ತಕ್ಕಂತೆ ಡೇಟಾ ಹರಿಯಬೇಕು. ನಿಧಾನದ ಹಾರ್ಡ್ ಡಿಸ್ಕಿನಿಂದ ಸುರಿದರೆ ಟೇಪು ನಿಂತು, ಹಿಂದೆ ಸರಿದು, ಮತ್ತೆ ಹೊರಟು ಸವೆಯುತ್ತದೆ.

ನಮ್ಮೂರ ಧೂಳೂ ಇದೆಯಲ್ಲ! ಜೀನ್ಸ್ ಹೊಲಿಯುವ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಡ್ರೈವ್ ಇಟ್ಟರೆ ಹತ್ತಿಯ ನವಿರು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಮೇ ತಿಂಗಳ ಬಿಸಿಲಿಗೆ ಎಸಿ ಬೇಕೇ ಬೇಕು.

ಹೊಸ ಡ್ರೈವ್‌ಗೆ ಲಕ್ಷಗಟ್ಟಲೆ ಬೆಲೆ, ಕ್ಯಾಸೆಟ್ಟಿಗೆ ಸಾವಿರಗಳಷ್ಟೇ. ಅದಕ್ಕೇ ನಾಲ್ಕಾರು ಸ್ಟುಡಿಯೊಗಳು ಸೇರಿ ಒಂದು ಡ್ರೈವ್ ಕೊಳ್ಳಲಿ ಅನ್ನುತ್ತೇನೆ. ಕುರುಗೋಡಿನ ಸ್ಟುಡಿಯೊದವರೊಬ್ಬರು, ‘ಪೈಪೋಟಿಯವನ ಕಪಾಟಿನಲ್ಲಿ ನನ್ನ ಮದುವೆಗಳನ್ನು ಇಡಲೇನಣ್ಣ?’ ಎಂದು ತಕರಾರು ತೆಗೆದರು. ಡ್ರೈವ್ ಮಾತ್ರ ಪಾಲಿನದು, ಕ್ಯಾಸೆಟ್ ನಿಮ್ಮ ಮನೆಯಲ್ಲೇ ಇರುತ್ತದೆ, ಬೇಕಿದ್ದರೆ ಪಾಸ್‌ವರ್ಡ್ ಹಾಕಿ ಬೀಗ ಜಡಿಯಬಹುದು ಎಂದೆ. ಯೋಚಿಸುತ್ತಿದ್ದಾರೆ.