ಮುಂದಾಳುತನದ ಬಗೆ

ಸಂಘದ ಕಾರ್ಯದರ್ಶಿಯಾಗಲಿ, ಮನೆಯ ಯಜಮಾನರಾಗಲಿ, ನಾಲ್ಕು ಜನರನ್ನು ಕೂಡಿಸಿಕೊಂಡು ಕೆಲಸ ನಡೆಸುವವರಿಗೆಲ್ಲ ತಮ್ಮದೇ ಆದ ಒಂದು ರೀತಿಯಿರುತ್ತದೆ. ಕೆಲವರು ಮೊದಲು ಯೋಜನೆ ಬರೆದು ಆಮೇಲೆ ಜನರನ್ನು ಒಪ್ಪಿಸುತ್ತಾರೆ. ಕೆಲವರು ಮೊದಲು ಜನರನ್ನು ಕೇಳಿ ಆಮೇಲೆ ಯೋಜನೆಗೆ ಕೈಹಾಕುತ್ತಾರೆ. ಇವೆರಡರಲ್ಲಿ ಯಾವುದು ಮೇಲೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ತನ್ನದು ಯಾವ ರೀತಿಯೆಂದು ಅರಿಯದವನು ಹೊಸದನ್ನು ತರಹೊರಟಾಗ ಎಡವುತ್ತಾನೆಂಬುದಷ್ಟೇ ನಮ್ಮ ಮಾತು.

ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡೋಣ. ಅವರು ಪುಣೆಯಲ್ಲಿ ನೀರಾವರಿ ಎಂಜಿನಿಯರಾಗಿದ್ದಾಗ ಕಾಲುವೆಯ ನೀರು ಕೆಲವೇ ಹೊಲಗಳಲ್ಲಿ ಮಿತಿಮೀರಿ ಹರಿದು ಪೋಲಾಗುತ್ತಿತ್ತು. ಸರದಿಯಂತೆ ನೀರು ಹಂಚುವ, ಬೆಳೆಗಳನ್ನು ಸ್ಥಳ ಬದಲಿಸಿ ಬೆಳೆಯುವ ಬ್ಲಾಕ್ ಪದ್ಧತಿಯನ್ನು ಅವರು ರೂಪಿಸಿದರು. ರೈತರು ಮೊದಲು ಒಪ್ಪಲಿಲ್ಲ. ಲಾಭ ಕಂಡ ಮೇಲೆ ಒಪ್ಪಿದರು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆಯೂ ಅವರದು ಅದೇ ಕ್ರಮ: ಅಳತೆ, ಲೆಕ್ಕ, ನಕ್ಷೆ, ಆಮೇಲೆ ಸಲಹೆ. ಇಂದಿನ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಆ ಯೋಜನೆಯ ಫಲ. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದುದೂ ಈ ಹಾದಿಯಲ್ಲೇ.

ಆದರೆ ಬ್ರಾಹ್ಮಣೇತರ ಸಮಾಜಗಳು ಸರ್ಕಾರಿ ಹುದ್ದೆಗಳಲ್ಲಿ ತಮ್ಮ ಪಾಲು ಕೇಳಿದಾಗ ಪ್ರಶ್ನೆ ಬೇರೆಯಾಯಿತು. ಮೊದಲು ವಿದ್ಯೆ ಹರಡಲಿ, ಹುದ್ದೆಗೆ ಯೋಗ್ಯತೆಯೇ ಅಳತೆಯಾಗಲಿ ಎಂಬುದು ದಿವಾನರ ನಿಲುವು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಡಿಕೆಯನ್ನು ಕೇಳಿ, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದೇ ವರ್ಷ ದಿವಾನರು ಪದವಿಯಿಂದ ಸರಿದರು. ವರದಿ 1919ರಲ್ಲಿ ಬಂತು. ಮೀಸಲಾತಿ ನಡೆಗೆ ಬಂತು. ನೀರನ್ನು ಲೆಕ್ಕದಿಂದ ಹಂಚಬಹುದು. ತಮಗೂ ಪಾಲು ಬೇಕೆಂದು ನಿಂತ ಜನರಿಗೆ ಲೆಕ್ಕವೊಂದೇ ಸಾಲದು. ಒಬ್ಬ ಮಹನೀಯರ ಬಲವೇ ಅವರ ಎಲ್ಲೆಯೂ ಆಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಹೊರನಾಡಿನ ನಮ್ಮ ಸಂಘಗಳಿಗೂ ಈ ಮಾತು ಸಲ್ಲುತ್ತದೆ. ಸಂಘ ಕಟ್ಟಿದ ಹಿರಿಯರಿಗೆ ವರ್ಷಕ್ಕೊಂದು ನಾಟಕ, ರಾಜ್ಯೋತ್ಸವ ಬೇಕು. ಕನ್ನಡ ಓದಲು ಬಾರದ ಮಕ್ಕಳ ತಾಯಂದಿರಿಗೆ ಭಾನುವಾರದ ಪಾಠ ಬೇಕು. ಇರುವ ಹಣವಾದರೋ ಒಂದೇ. ಇಲ್ಲಿ ಅಚ್ಚುಕಟ್ಟಾದ ಯೋಜನೆಯೊಂದನ್ನು ಸಭೆಯ ಮುಂದಿಟ್ಟು ಕೈಯೆತ್ತಿಸಿದರೆ ನಿರ್ಣಯವೇನೋ ಆದೀತು, ಸೋತವರು ಮಾತ್ರ ಮುಂದಿನ ಸಭೆಗೆ ಬಾರರು. ಎಲ್ಲರನ್ನೂ ಕೇಳುತ್ತಲೇ ಕುಳಿತರೆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ಆದ್ದರಿಂದ ಸಮಿತಿಯ ಹೊಣೆ ಹೊತ್ತವರು ತಮ್ಮನ್ನು ತಾವೇ ಎರಡು ಮಾತು ಕೇಳಿಕೊಳ್ಳಲಿ. ಕಳೆದ ಸಲ ಹೊಸದೊಂದನ್ನು ತಂದಾಗ ಮೊದಲು ಕಾಗದ ಪೆನ್ನು ಹಿಡಿದೆವೋ, ನಾಲ್ಕು ಮನೆಗೆ ಹೋದೆವೋ? ಯಾರಾದರೂ ಬೇಡವೆಂದಾಗ ಕಾರಣ ವಿಚಾರಿಸಿದೆವೋ, ನಮ್ಮ ಲೆಕ್ಕವನ್ನೇ ಮತ್ತೆ ಒಪ್ಪಿಸಿದೆವೋ? ಉತ್ತರ ಯಾವುದಾದರೂ ಚಿಂತೆಯಿಲ್ಲ. ಸ್ವಭಾವ ಬದಲಿಸುವುದು ಕಷ್ಟ. ಪಕ್ಕದಲ್ಲಿ ಇನ್ನೊಂದು ಬಗೆಯವರನ್ನು ಕೂರಿಸಿಕೊಳ್ಳುವುದು ಸುಲಭ. ಲೆಕ್ಕ ಬಲ್ಲವರೊಬ್ಬರು, ಮನೆಮನೆಯ ಮಾತು ಬಲ್ಲವರೊಬ್ಬರು ಜೊತೆಗೂಡಿದ ಸಮಿತಿ ನಾಟಕವನ್ನೂ ಆಡಿಸೀತು, ಪಾಠವನ್ನೂ ನಡೆಸೀತು. ಮುಂದಿನ ಚುನಾವಣೆಯಲ್ಲಿ ಹೆಸರು ಸೂಚಿಸುವಾಗ ಓದುಗ ಬಂಧುಗಳು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.