ನೆನೆಯುವುದು ಮಳೆಗೋ, ಬೆವರಿಗೋ?

ಚಾರಣದ ಸಾಮಾನು ಮಾರುವ ಅಂಗಡಿಯಲ್ಲಿ ಮಳೆ ಜಾಕೆಟ್ ಒಂದನ್ನು ಕೈಗೆತ್ತಿಕೊಂಡರೆ ಚೀಟಿಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಒಂದು ಸಂಖ್ಯೆ: 5000, 10,000, 20,000 ಮಿ.ಮೀ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಅದು ಎಷ್ಟು ಎತ್ತರದವರೆಗೆ ಸೋರದೆ ತಡೆದೀತು ಎಂಬ ಲೆಕ್ಕ ಅದು. 10,000 ಎಂದರೆ ಹತ್ತು ಮೀಟರ್ ನೀರಿನ ಒತ್ತಡ, ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೊ. ಎಂಥ ಜಡಿಮಳೆಯೂ ಮೈಮೇಲೆ ಅಷ್ಟು ಒತ್ತಿ ಬೀಳುವುದಿಲ್ಲ. ಆದರೂ ಸಂಖ್ಯೆ ಏರಿದ ಹಾಗೆ ಬೆಲೆಯೂ ಏರುತ್ತದೆ, ನಾವೂ ಕೊಟ್ಟು ಬರುತ್ತೇವೆ. ಅದನ್ನೇ ತೊಟ್ಟು ಜುಲೈ ತಿಂಗಳಲ್ಲಿ ಕಾರವಾರದ ಕಡೆಯ ಗುಡ್ಡ ಹತ್ತಿದರೆ ಅರ್ಧ ಗಂಟೆಯೊಳಗೆ ಒಳಗಿನ ಅಂಗಿ ಹಿಂಡುವ ಹಾಗಾಗಿರುತ್ತದೆ. ಜಾಕೆಟ್ ಎಲ್ಲೂ ಸೋರಿಲ್ಲ. ಒದ್ದೆ ಮಾಡಿದ್ದು ನಮ್ಮದೇ ಬೆವರು.

ಹಾಗಾಗಿ ಮಳೆಯಂಗಿ ಆರಿಸುವಾಗ 'ನೀರು ಒಳಗೆ ಬರುತ್ತದೆಯೇ' ಎಂಬ ಪ್ರಶ್ನೆ ಎರಡನೆಯದು. 'ಮೈಯ ಬಿಸಿ ಹೊರಗೆ ಹೋಗುತ್ತದೆಯೇ' ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಬಟ್ಟೆಯಲ್ಲಿ ಎಷ್ಟಿದೆಯೋ ನಡೆಯುವ ಊರಿನ ಹವೆಯಲ್ಲೂ ಅಷ್ಟೇ ಇದೆ.

ಶಿರವಾಡವನ್ನೇ ನೋಡಿ. ಕಾರವಾರದ ರೈಲು ನಿಲ್ದಾಣ ಇರುವುದು ಇಲ್ಲಿ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಇಂಥ ಮಳೆಯಲ್ಲಿ ಹೊರೆ ಹೊತ್ತು ನಡೆಯುವುದು ಇಲ್ಲಿ ಹವ್ಯಾಸವಾಗುವುದಕ್ಕೆ ಮೊದಲೇ ಕಸುಬಾಗಿತ್ತು. ಕೊಂಕಣ ರೈಲ್ವೆಗೆ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇದೆ, ಹಳಿಯುದ್ದಕ್ಕೂ ಗಸ್ತು ಇದೆ. ಗಸ್ತಿನವನಿಗೆ ರಾತ್ರಿಯಲ್ಲೂ ಬ್ಯಾಟರಿ ಹಿಡಿದು ನಡೆಯಬೇಕು. ಧರೆಯಿಂದ ಕಲ್ಲು ಉರುಳಿದ ಸದ್ದೂ ಬರುವ ರೈಲಿನ ಸದ್ದೂ ಕಿವಿಗೆ ಬೀಳಬೇಕು. ಕಿವಿ ಮುಚ್ಚಿಬಿಡುವ, ಕತ್ತು ಹೊರಳಿಸಿದರೆ ಜೊತೆಗೆ ಹೊರಳದ ಟೊಪ್ಪಿಗೆ ಅವನಿಗೆ ಅಪಾಯವೇ. ಜಾಕೆಟ್ ಕೊಳ್ಳುವ ಚಾರಣಿಗರಲ್ಲಿ ಟೊಪ್ಪಿಗೆಯನ್ನು ತಲೆಗೆ ಏರಿಸಿ, ಎಡಕ್ಕೆ ಬಲಕ್ಕೆ ತಿರುಗಿ ನೋಡುವವರು ಕಡಿಮೆ.

ಉಡುಪು ಮಾಡುವ ಕೆಲಸಕ್ಕೆ ಹೊಂದಬೇಕು ಎಂಬುದನ್ನೇ ಹಳೆಯ ಮಳೆ ಉಡುಪುಗಳೂ ಹೇಳುತ್ತವೆ. ನಾಟಿ ಮಾಡುವವರಿಗೆ ಎರಡೂ ಕೈ ಬೇಕು, ದಿನವಿಡೀ ಬಗ್ಗಿರಬೇಕು. ಕೊಡೆ ಹಿಡಿಯುವ ಮಾತೇ ಇಲ್ಲ. ಅವರಿಗೆ ಗೊರಬು ಬಂತು. ಬಿದಿರ ಸೀಳುಗಳ ಹೆಣಿಗೆಯ ನಡುವೆ ಎಲೆ ಹಾಸಿ ಮಾಡಿದ ಅದು ತಲೆಯಿಂದ ಸೊಂಟದವರೆಗೆ ಬೆನ್ನನ್ನಷ್ಟೇ ಮುಚ್ಚುತ್ತದೆ. ಎದೆಯ ಕಡೆ ಪೂರ್ತಿ ತೆರೆದಿರುವುದರಿಂದ ಬೆವರು ನಿಲ್ಲುವುದಿಲ್ಲ. ದನ ಕಾಯುವವರಿಗೆ ಕಂಬಳಿ ಕೊಪ್ಪೆ. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಿದ್ದುದರಿಂದ ಮಳೆ ಬೇಗ ಒಳಗಿಳಿಯುತ್ತಿರಲಿಲ್ಲ. ಇಳಿದರೂ ಉಣ್ಣೆ ಬೆಚ್ಚಗೇ ಇರುತ್ತಿತ್ತು. ಈ ಎರಡರಲ್ಲಿ ಯಾವುದೂ ಮೈಯನ್ನು ಪೂರ್ತಿ ಒಣಗಿಸಿಡುತ್ತೇನೆಂದು ಹೇಳಿಕೊಳ್ಳಲಿಲ್ಲ. ದಿನದ ಕೆಲಸ ಮುಗಿಯುವವರೆಗೆ ಮೈಯನ್ನು ಚಳಿಗೆ ಬಿಡದೆ ಉಳಿಸಿದರೆ ಸಾಕಿತ್ತು.

ಪೂರ್ತಿ ಒಣಗಿಸಿಡುವ ಹಟ ಹಿಡಿದದ್ದು ಕಾರ್ಖಾನೆಯ ಬಟ್ಟೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ಪೇಟೆಂಟ್ ಪಡೆದ. ಮಳೆ ನಿಂತಿತು, ಬೆವರು ಒಳಗೇ ಉಳಿಯಿತು. ನಮ್ಮಲ್ಲಿ ಒಂದೆರಡು ತಲೆಮಾರು ಶಾಲೆಗೆ ತೊಟ್ಟುಹೋದ ಡಕ್‌ಬ್ಯಾಕ್ ರೇನ್‌ಕೋಟ್ ಕೂಡ ಅದೇ ವಂಶದ್ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದು, ಕಣ್ಣಿಗೆ ಕಾಣದ ರಂಧ್ರಗಳ ಹಾಳೆ ಮಾಡಿದ. ನೀರ ಹನಿ ಆ ರಂಧ್ರದಲ್ಲಿ ನುಗ್ಗಲಾರದು, ಆವಿ ನುಗ್ಗಬಲ್ಲದು. 1976ರ ಹೊತ್ತಿಗೆ ಅದು ಗೋರ್‌ಟೆಕ್ಸ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. 'ಉಸಿರಾಡುವ ಬಟ್ಟೆ' ಎಂಬ ಜಾಹೀರಾತು ಶುರುವಾದದ್ದು ಅಲ್ಲಿಂದ.

ಬಟ್ಟೆ ತಾನಾಗಿ ಉಸಿರಾಡುವುದಿಲ್ಲ. ಒಳಗೆ ಆವಿಯ ಒತ್ತಡ ಹೆಚ್ಚು, ಹೊರಗೆ ಕಡಿಮೆ ಇದ್ದಾಗ ಮಾತ್ರ ಆವಿ ಹೊರಟುಹೋಗುತ್ತದೆ. ಹೊರಗೆ 5 ಡಿಗ್ರಿ ಚಳಿಯಿದ್ದರೆ ಈ ವ್ಯತ್ಯಾಸ ದೊಡ್ಡದು. ಕರಾವಳಿಯ ಜುಲೈನಲ್ಲಿ 26 ಡಿಗ್ರಿ ಸೆಖೆ, ನೂರಕ್ಕೆ ತೊಂಬತ್ತೈದರಷ್ಟು ತೇವ. ವ್ಯತ್ಯಾಸ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಏರು ಹತ್ತುವ ಮೈಯೋ ಗಂಟೆಗೆ ಅರ್ಧ ಲೀಟರ್, ಕೆಲವೊಮ್ಮೆ ಒಂದು ಲೀಟರ್ ಬೆವರು ಸುರಿಸುತ್ತದೆ. ಯಾವ ರಂಧ್ರದ ಹಾಳೆಗೂ ಅದು ನಿಭಾಯಿಸುವ ಲೆಕ್ಕವಲ್ಲ. ತಣ್ಣನೆಯ ನಾಡಿನ ಸಮಸ್ಯೆಗೆ ಸಿಕ್ಕ ಉತ್ತರವನ್ನು ನಾವು ಬೆಚ್ಚನೆಯ ನಾಡಿನಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದೇವೆ.

ಹಾಗಾದರೆ ಒಳ್ಳೆಯ ಜಾಕೆಟ್ಟೇ ಬೇಡವೇ ಎಂದು ಕೇಳಬಹುದು. ಬೇಡ ಎಂದರೆ ತಪ್ಪಾಗುತ್ತದೆ. ನಮ್ಮ ಹುಡುಗರು ಉತ್ತರಾಖಂಡ, ಹಿಮಾಚಲದ ಚಾರಣಕ್ಕೂ ಹೋಗುತ್ತಾರೆ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಮೈ ನೆನೆದು ಗಾಳಿ ಬೀಸಿದರೆ ದೇಹದ ಶಾಖ ಇಳಿದು ಜೀವಕ್ಕೇ ಕುತ್ತು. ಅಲ್ಲಿ ಹೊಲಿಗೆಗಳ ಮೇಲೆಲ್ಲ ಪಟ್ಟಿ ಅಂಟಿಸಿದ ಗಟ್ಟಿ ಜಾಕೆಟ್ ಪ್ರಾಣದ ಬೆಲೆಯದು. 1,900 ಮೀಟರ್ ಮೀರಿದ ಮುಳ್ಳಯ್ಯನಗಿರಿಯ ಗಾಳಿಯಲ್ಲೂ ಅದರ ಗುಣ ಗೊತ್ತಾಗುತ್ತದೆ. ಶಿರವಾಡದ ಬೆಚ್ಚನೆಯ ಮಳೆಯಲ್ಲಿ ನಡೆಯುತ್ತಿರುವಷ್ಟು ಹೊತ್ತು ನೆನೆದರೆ ಕಿರಿಕಿರಿಯಷ್ಟೇ. 'ಇಲ್ಲಿ ನೆನೆದರೆ ನನಗೇನಾಗುತ್ತದೆ' ಎಂದು ಕೇಳಿಕೊಂಡ ಮೇಲೆ ಬೆಲೆಚೀಟಿ ನೋಡುವುದು ಒಳ್ಳೆಯದು.

ಕರಾವಳಿಗೂ ಘಟ್ಟದ ಕೆಳಗಿನ ಕಾಡಿಗೂ ಇನ್ನೂರರಿಂದ ಮುನ್ನೂರು ಗ್ರಾಂ ತೂಗುವ, ಸಡಿಲವಾದ ಜಾಕೆಟ್ ಸಾಕು. ಕಂಕುಳಲ್ಲಿ ಜಿಪ್ ಇರಲೇಬೇಕು. ಅದರ ಬಾಯಿ ತೆರೆದರೆ ಆಗುವ ಕೆಲಸ ಯಾವ ದುಬಾರಿ ಹಾಳೆಯಿಂದಲೂ ಆಗುವುದಿಲ್ಲ. ಬ್ಯಾಗನ್ನೂ ಸೇರಿಸಿ ಮುಚ್ಚುವ ಪಾಂಚೋ ಇನ್ನೂ ತಂಪು, ಗೊರಬಿನ ಹಾಗೆ ಕೆಳಗೆಲ್ಲ ತೆರೆದದ್ದು. ಆದರೆ ಬೋಳು ಗುಡ್ಡದ ಗಾಳಿಗೆ ಅದು ಹಾರಾಡಿ ಮುಖಕ್ಕೆ ಸುತ್ತಿಕೊಳ್ಳುತ್ತದೆ. ಯಾವುದನ್ನೇ ಕೊಳ್ಳಿ, ಉಳಿದ ಹಣದಲ್ಲಿ ಬ್ಯಾಗಿನೊಳಗೆ ನೀರು ಹೋಗದ ಚೀಲ ತಂದು ಅದರಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟುಕೊಳ್ಳಿ. ನಡೆಯುವಾಗ ಒಣಗಿರುವುದಕ್ಕಿಂತ ರಾತ್ರಿ ಒಣಬಟ್ಟೆಯಲ್ಲಿ ಮಲಗುವುದು ದೊಡ್ಡದು.

ಹಗುರ ಜಾಕೆಟ್ಟಿನ ಆಯುಷ್ಯ ಇರುವುದು ಅದನ್ನು ನೋಡಿಕೊಳ್ಳುವುದರಲ್ಲಿ. ಹೆಗಲ ಭಾಗಕ್ಕೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತು ಉರುಳಿದರೆ ಸರಿ. ಹರಡಿಕೊಂಡು ಬಟ್ಟೆ ಕಪ್ಪಿಟ್ಟರೆ ಮೇಲಿನ ಲೇಪ ಸೋತಿದೆ ಎಂದರ್ಥ: ನೀರು ಒಳಗೆ ಬಾರದಿದ್ದರೂ ಆವಿ ಹೊರಹೋಗುವ ದಾರಿ ಮುಚ್ಚಿತು. ಬಹಳ ಸಲ ಇದಕ್ಕೆ ಕಾರಣ ಬೆವರಿನ ಜಿಡ್ಡು, ಬ್ಯಾಗಿನ ಪಟ್ಟಿಯ ಉಜ್ಜಾಟ. ಹಳೆಯ ಲೇಪಗಳಲ್ಲಿದ್ದ, ಮಣ್ಣಲ್ಲೂ ನೀರಲ್ಲೂ ಒಡೆಯದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳನ್ನು ಈಗ ಕಂಪನಿಗಳು ಬಿಡುತ್ತಿವೆ. ಹೊಸ ಲೇಪಗಳಿಗೆ ಜಿಡ್ಡು ತಡೆಯುವ ಶಕ್ತಿ ಕಡಿಮೆ, ಹಾಗಾಗಿ ತೊಳೆಯುವ ಕೆಲಸ ಹೆಚ್ಚು. ಸಾಮಾನ್ಯ ಸೋಪಿನ ಪುಡಿ, ಬಟ್ಟೆ ಮೆತ್ತಗಾಗಿಸುವ ದ್ರವ ಎರಡೂ ಬೇಡ. ಇವುಗಳ ಅಂಶ ಉಳಿದರೆ ನೀರನ್ನು ಎಳೆದುಕೊಳ್ಳುತ್ತದೆ. ಇಂಥ ಬಟ್ಟೆಗೆಂದೇ ಸಿಗುವ ದ್ರವ ಸೋಪಿನಲ್ಲಿ ತೊಳೆದು, ಎರಡು ಸಲ ಜಾಲಿಸಿ, ಚೀಟಿಯಲ್ಲಿ ಅನುಮತಿಯಿದ್ದರೆ ಮೇಲೊಂದು ಬಟ್ಟೆ ಹಾಸಿ ಸಣ್ಣ ಬಿಸಿಯಲ್ಲಿ ಇಸ್ತ್ರಿ ಆಡಿಸಬೇಕು. ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳದಿದ್ದರೆ ಹೊಸ ಲೇಪದ ಸ್ಪ್ರೇ.

ಕರಾವಳಿಯಲ್ಲಿ ಜಾಕೆಟ್ ಹಾಳಾಗುವುದು ತೊಟ್ಟಾಗಲ್ಲ, ಇಟ್ಟಾಗ. ಅಗ್ಗದ ಜಾಕೆಟ್ಟುಗಳ ಒಳಮೈಗೆ ಬಳಿದ ಪಾಲಿಯುರೆಥೇನ್ ಸೆಖೆ, ತೇವ ಸೇರಿದಲ್ಲಿ ನಿಧಾನಕ್ಕೆ ಒಡೆಯುತ್ತದೆ. ಮಡಚಿ ಚೀಲಕ್ಕೆ ತುರುಕಿ ಮುಂದಿನ ಮಿರ್ಗದ ಮಳೆಗೆ ತೆಗೆದರೆ ಒಳಗೆಲ್ಲ ಅಂಟಂಟು, ಕತ್ತಿನ ಬಳಿ ಬಿಳಿ ಸಿಪ್ಪೆ, ಜೊತೆಗೆ ಬೂಸಲಿನ ವಾಸನೆ. ಸಿಪ್ಪೆ ಎದ್ದ ಜಾಕೆಟ್ಟಿಗೆ ಮದ್ದಿಲ್ಲ. ಬಚ್ಚಲ ಒಲೆಯ ಶಾಖಕ್ಕೂ ಹೊಗೆಗೂ ಒಡ್ಡದೆ, ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡುವ ಗೂಟಕ್ಕೆ ತೂಗುಹಾಕಬೇಕು, ಅಷ್ಟೆ.

ಎಷ್ಟೇ ಚೆನ್ನಾಗಿ ಆರಿಸಿ ಎಷ್ಟೇ ಚೆನ್ನಾಗಿ ಇಟ್ಟುಕೊಂಡರೂ ಜಾಕೆಟ್ಟಿನ ಕೆಲಸಕ್ಕೊಂದು ಮಿತಿಯಿದೆ. 2009ರ ಅಕ್ಟೋಬರ್ ಆರಂಭದ ಮಳೆಗೆ ಶಿರವಾಡದ ಹತ್ತಿರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಜಾರಿತು. ಮೈ ನೆನೆದಾಗ ಆಗುವ ಕಿರಿಕಿರಿ ಮನೆಗೆ ಹೋಗು ಎನ್ನುವ ಸೂಚನೆಯೂ ಹೌದು. ಒಳ್ಳೆಯ ಜಾಕೆಟ್ ಆ ಸೂಚನೆಯನ್ನು ಅಡಗಿಸಿ ಇನ್ನೊಂದಷ್ಟು ದೂರ ನಡೆಸುತ್ತದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮಾತ್ರ ಆ ಜಾಕೆಟ್ ಗೂಟದಲ್ಲೇ ಇರಲಿ.